ಆಯ್ತು ಎಂದರೆ ಒಪ್ಪದ ಅಕ್ಕೋರು

"ಆಯ್ತು ಅನ್ನಬ್ಯಾಡ. ಏನಾತು, ಅದನ್ನ ಹೇಳು."

ಅಕ್ಕೋರು ನನಗೆ ಹೇಳಿದ ಮೊದಲ ಮಾತು ಇದು. ಡೊಂಬಿವಲಿ ಪೂರ್ವದ ನಮ್ಮ ಕನ್ನಡ ಸಂಘದ ಮೇಲಿನ ಕೋಣೆ, ಶನಿವಾರ ಮಧ್ಯಾಹ್ನ ಮೂರು ಗಂಟೆ. ನಾನು ಹೊಸಬಳು. ಅವರು ಒಂದು ಗುಳಿಗೆಯ ಹಾಳೆ ಎತ್ತಿ ತೋರಿಸಿ, ಬೆಳಿಗ್ಗೆ ತಿಂಡಿಯ ನಂತರ ಒಂದು, ರಾತ್ರಿ ಊಟದ ನಂತರ ಒಂದು, ಐದು ದಿನ, ನಡುವೆ ಬಿಡಬಾರದು ಎಂದು ಹೇಳಿ ನನ್ನ ಕಡೆ ನೋಡಿದರು. ನಾನು ಆಯ್ತು ಎಂದೆ.

"ಏನಾತು?"

"ಅದೇ... ಆಯ್ತು ಅಂತ."

ಕೋಣೆಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಅಕ್ಕೋರು ನಗಲಿಲ್ಲ. "ನಮ್ಮ ಭಾಷಾದಾಗ ಇಷ್ಟು ಮೋಸದ ಮಾತು ಇನ್ನೊಂದಿಲ್ಲ ತಂಗಿ. ತಿಳಿದ್ರೂ ಆಯ್ತು, ತಿಳೀದಿದ್ರೂ ಆಯ್ತು, ನೀ ಸುಮ್ಮನ ಹೋಗು ಮಾರಾಯ್ತಿ ಅನ್ನಾಕೂ ಆಯ್ತು. ಈ ಕೋಣ್ಯಾಗ ಆ ಮಾತು ನಡೆಂಗಿಲ್ಲ. ಈಗ ಹೇಳು, ಮನೀಗೆ ಹೋಗಿ ಈ ಗುಳಿಗೀ ಹ್ಯಾಂಗ ಕೊಡ್ತಿ?"

ನಾನು ಹೇಳಿದೆ. ಐದು ದಿನದ ಮಾತು ಬಿಟ್ಟುಹೋಗಿತ್ತು. ಎರಡನೇ ಸಲ ಪೂರ್ತಿ ಬಂತು. ಆಗ ಅವರು ನಕ್ಕರು.

ಅಕ್ಕೋರು ಹೋದ ತಿಂಗಳು ತೀರಿಕೊಂಡರು. ಸಂಘದ ಪತ್ರಿಕೆಗೆ ನಾಲ್ಕು ಮಾತು ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ನಾನು ಓದಿದ್ದು ಏಳನೇ ತರಗತಿಯವರೆಗೆ. ಅವರು ಎಷ್ಟು ಜನರಿಗೆ ಕಲಿಸಿದರು, ಯಾರು ಯಾರು ಶಾಲು ಹೊದಿಸಿದರು ಎಂಬುದನ್ನು ಓದಿದವರು ಬರೆಯುತ್ತಾರೆ. ನಾನು ಅವರ ಹೆಸರನ್ನೂ ಬರೆಯುವುದಿಲ್ಲ. "ನನ್ನ ಹೆಸರು ಯಾಕವಾ? ನಿನ್ನ ಗುಳಿಗೀ ಹೆಸರು ನೆನಪಿಟ್ಟಿದ್ರ ಸಾಕು" ಎನ್ನುತ್ತಿದ್ದರು. ನನಗೆ ಬರೆಯಲು ಬೇರೆ ಕಾರಣವೂ ಉಂಟು. ನಾನು ನನ್ನ ತಮ್ಮನಿಗೆ ಒಂದು ಸತ್ಯ ಹೇಳಬೇಕಿತ್ತು. ಅದನ್ನು ಹೇಳದೆ ದಿನ ದೂಡಿದಷ್ಟೂ ಅವನ ಕೈಬೆರಳುಗಳು ಹಾಳಾಗುತ್ತಾ ಹೋದವು. ಅದು ಅಕ್ಕೋರಿಗೆ ಗೊತ್ತಿತ್ತು. ನಾನು ಹೇಳುತ್ತೇನೆಂದು ಕಾದರು. ಅವರಿರುವಾಗ ನಾನು ಹೇಳಲಿಲ್ಲ. ಅವರ ವಿಷಯ ಬರೆದು ಇದನ್ನು ಬಿಟ್ಟರೆ ಬರೆದದ್ದು ಅರ್ಧವಾಗುತ್ತದೆ.

ಊರಲ್ಲಿ ನಾವು ಶಾಲೆಯ ಹೆಂಗಸರಿಗೆ ಟೀಚರ್ ಎನ್ನುತ್ತಿದ್ದೆವು. ಅಕ್ಕೋರು ಎನ್ನುವುದು ವಿಜಯಪುರದ ಕಡೆಯವರ ಮಾತು. ಇವರು ಆ ಕಡೆಯವರು, ಮದುವೆಯಾಗಿ ಠಾಣೆಗೆ ಬಂದವರು, ಮನೆ ವರ್ತಕ ನಗರದಲ್ಲಿ. ಆದರೆ ಅವರು ಒಂದು ದಿನವೂ ಶಾಲೆಯಲ್ಲಿ ಕಲಿಸಿದವರಲ್ಲ. ನಿವೃತ್ತಿಯ ತನಕ ಒಂದು ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಕೊಡುವ ಕಿಟಕಿಯ ಹಿಂದೆ ಕುಳಿತವರು.

ಆ ಕಿಟಕಿಯ ವಿಷಯವನ್ನು ಅವರು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದರು. ಕೈ ತೂರುವಷ್ಟು ಕಂಡಿ, ಹೊರಗೆ ಬಾಗಿಲ ತನಕ ಸಾಲು. ಚೀಟಿ ಒಳಗೆ ಬರುತ್ತದೆ, ಗುಳಿಗೆ ಹೊರಗೆ ಹೋಗುತ್ತದೆ, ಜೊತೆಗೆ ಎರಡು ಮಾತು. "ಆ ಕಂಡ್ಯಾಗಿಂದ ನನಗ ಮಂದಿ ಮುಖ ಕಾಣ್ತಿದ್ದಿಲ್ಲ, ಬರೇ ಕೈ ಕಾಣ್ತಿದ್ವು. ನಾ ಏನು ಹೇಳಿದ್ರೂ ಹೊರಗಿಂದ ಹೋ ಹೋ, ಹಾಂ ಹಾಂ, ಆಯ್ತು ಆಯ್ತು. ನಾನೂ ಖುಷಿ, ಅವರೂ ಖುಷಿ. ಕಡೀ ದಿನ ಕುರ್ಚಿ ಬಿಟ್ಟು ಎದ್ದಾಗ ಅನಿಸ್ತು, ಇವರೊಳಗ ಎಷ್ಟು ಮಂದಿ ಮನೀಗೆ ಹೋಗಿ ತಪ್ಪು ನುಂಗ್ಯಾರೋ ಯಾರಿಗೆ ಗೊತ್ತು? ಅದಕ್ಕ ಹೊರಗ ಬಂದೀನಿ."

ಕುಳ್ಳಗಿನ ಆಳು. ನೂಲಿನ ಸೀರೆ, ಕಾಲಿಗೆ ಹುಡುಗರ ಕ್ಯಾನ್ವಾಸ್ ಬೂಟು. ಕೊರಳಲ್ಲಿ ಕರಿ ದಾರಕ್ಕೆ ಕನ್ನಡಕವೂ ಒಂದು ಭೂತಗನ್ನಡಿಯೂ ಒಟ್ಟಿಗೆ ನೇತಾಡುತ್ತಿದ್ದವು. ಯಾರಾದರೂ ಗುಳಿಗೆಯ ಹಾಳೆ ಕೊಟ್ಟರೆ ಬಳೆ ಕೊಳ್ಳುವವರು ಬಿರುಕು ಹುಡುಕುವ ಹಾಗೆ ಬೆಳಕಿಗೆ ಹಿಡಿದು, ತಿರುಗಿಸಿ, ಅವಧಿ ಮುಗಿಯುವ ತಾರೀಖು ಸಿಕ್ಕುವ ತನಕ ಮಾತಾಡುತ್ತಿರಲಿಲ್ಲ. ಠಾಣೆಯಿಂದ ಸ್ಲೋ ಲೋಕಲ್‌ನಲ್ಲೇ ಬರುವುದು. ಫಾಸ್ಟ್ ಗಾಡಿಯಲ್ಲಿ ಮಾತಾಡಲು ಸಮಯ ಸಿಗುವುದಿಲ್ಲವಂತೆ. ಒಂದು ಸಲ ನಾನೂ ಜೊತೆಯಲ್ಲಿದ್ದೆ. ಲೇಡೀಸ್ ಡಬ್ಬಿಯಲ್ಲಿ ಎದುರು ಕುಳಿತ ಅಜ್ಜಿಯೊಬ್ಬರು ಪರ್ಸಿನಿಂದ ಅರ್ಧ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡರು. ಅಕ್ಕೋರು ಸುಮ್ಮನಿರಬೇಕಲ್ಲ!

"ಆಜೀ, ಅರ್ಧಾ ಕಶಾಲಾ?" ಅರ್ಧ ಯಾಕೆ ಎಂದು ಕೇಳಿಯೇ ಬಿಟ್ಟರು.

ಪೂರ್ತಿ ತಿಂದರೆ ಬೇಗ ಮುಗಿಯುತ್ತದೆ, ಮಗನಿಗೆ ಪದೇ ಪದೇ ತರಲು ಹೇಳುವುದು ಯಾಕೆ ಎಂದರು ಅಜ್ಜಿ. ಮುಂಬ್ರಾ ದಾಟಿ ದಿವಾ ಬರುವುದರೊಳಗೆ ಅಕ್ಕೋರು ಆ ಮಗನಿಗೆ ಅಜ್ಜಿಯ ಫೋನಿನಿಂದಲೇ ಫೋನು ಮಾಡಿಸಿದ್ದರು. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸು ತನ್ನ ಚೀಲದಿಂದಲೂ ಒಂದು ಹಾಳೆ ತೆಗೆದು, "ಬಾಯಿ, ಹೇ ಪಣ್ ಬಘಾ ನಾ", ಅಮ್ಮಾ ಇದನ್ನೂ ನೋಡಿ ಎಂದಳು. ಡೊಂಬಿವಲಿಯಲ್ಲಿ ನಾವು ಇಳಿಯುವಾಗ ಇನ್ನೂ ಇಬ್ಬರು ಹಾಳೆ ಹಿಡಿದು ನಿಂತಿದ್ದರು.

ಅವರು ಕಲಿಸುತ್ತಿದ್ದದ್ದು ನರ್ಸುಗಳಿಗಲ್ಲ. ನಮ್ಮಂಥವರಿಗೆ. ಚಪಾತಿ ಮಾಡಿ ಡಬ್ಬಿ ಕಳಿಸುವವರು, ಟೈಲರಿಂಗ್ ಮಾಡುವವರು, ಹೋಟೆಲಿನಿಂದ ನಿವೃತ್ತರಾದ ಇಬ್ಬರು ಗಂಡಸರು. ಒಬ್ಬೊಬ್ಬರಿಗೆ ಅವರವರ ಬಿಲ್ಡಿಂಗು. ಅಲ್ಲಿ ಯಾರ ಮನೆಗೆ ಹೊಸ ಮದ್ದು ಬಂದರೂ ಹೋಗಿ ಕುಳಿತು, ಡಾಕ್ಟರು ಏನು ಹೇಳಿದರು ಎಂದು ಅವರ ಬಾಯಿಂದಲೇ ಹೇಳಿಸಬೇಕು. ಸಂಶಯ ಬಂದಲ್ಲಿ ಪ್ರಶ್ನೆ ಬರೆದುಕೊಟ್ಟು ಅದೇ ಡಾಕ್ಟರ ಹತ್ತಿರ ವಾಪಸು ಕಳಿಸಬೇಕು. "ನೀವು ಡಾಕ್ಟರ್ ಆಗಾಕ ಹೋದ್ರ ನಾನೇ ಪೊಲೀಸರಿಗೆ ಹಿಡಿದುಕೊಡ್ತೀನಿ" ಎಂದು ಮೊದಲೇ ಹೆದರಿಸಿದ್ದರು. "ಮದ್ದು ಹೇಳೂದು ನಮ್ಮ ಕೆಲಸ ಅಲ್ಲ. ಹೇಳಿದ್ದು ಮನೀತನಕ ಮುಟ್ಟೇತೋ ಇಲ್ಲೋ ನೋಡೂದು ನಮ್ಮ ಕೆಲಸ."

ನಿಮಗೆ ಗೊತ್ತಾಯ್ತಾ ಎಂದು ಯಾರನ್ನೂ ಕೇಳಬಾರದು ಎಂಬುದು ಅವರ ಇನ್ನೊಂದು ನಿಯಮ. ಗೊತ್ತಾಗಲಿಲ್ಲ ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ. "ನಾ ಸರಿಯಾಗಿ ಹೇಳಿದ್ನೋ ಇಲ್ಲೋ, ನನಗ ಸಂಶಯ ಆಗೇತಿ, ನೀವೊಮ್ಮೆ ಹೇಳ್ರಿ ಅನ್ನಬೇಕು. ದಡ್ಡತನ ನಮ್ಮ ಮ್ಯಾಲೆ ತಗೋಬೇಕು. ಅವರ ಮ್ಯಾಲೆ ಹಾಕಬಾರದು." ಈ ಒಂದು ಮಾತಿನಿಂದ ನನಗೆ ಎಷ್ಟೋ ಮನೆಗಳ ಬಾಗಿಲು ತೆರೆದಿದೆ.

ಎರಡನೇ ಶನಿವಾರ ಎಲ್ಲರೂ ಮನೆಯಿಂದ ಒಂದು ಚಮಚ ತನ್ನಿ ಎಂದಿದ್ದರು. ಮಕ್ಕಳಿಗೆ ಕೆಮ್ಮಿನ ಔಷಧಿ ಹಾಕುವ ಚಮಚ. ಮೇಜಿನ ಮೇಲೆ ಸಾಲಾಗಿ ಇಟ್ಟೆವು. ಒಂದು ಉಪ್ಪಿನ ಡಬ್ಬಿಯದು, ಒಂದು ಐಸ್‌ಕ್ರೀಮಿನದು. ಹೋಟೆಲಿನಲ್ಲಿದ್ದವರೊಬ್ಬರು ಪಾಯಸ ಬಡಿಸುವುದನ್ನೇ ತಂದಿದ್ದರು. ಅಕ್ಕೋರು ಅದನ್ನು ಎತ್ತಿ ಹಿಡಿದು, "ಅಣ್ಣಾರ, ಇದರಾಗ ಕೂಸಿಗೆ ಔಷಧ ಹಾಕ್ತೀರೋ, ಸ್ನಾನ ಮಾಡಿಸ್ತೀರೋ?" ಎಂದರು. ಆಮೇಲೆ ಬಾಟಲಿಯ ಮುಚ್ಚಳದ ಅಳತೆಗೆರೆ ತೋರಿಸಿದರು. ಅದು ಅಲ್ಲಿರುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವರ ಮಾತು ಆಯಾ ಮನೆಯ ಕಸುಬಿನಿಂದಲೇ ಹುಟ್ಟುತ್ತಿತ್ತು. ವರ್ತಕ ನಗರದ ಒಬ್ಬ ಹೋಟೆಲ್ ಯಜಮಾನರು, ನಮ್ಮ ಉಡುಪಿ ಕಡೆಯವರು, ಬಿಪಿ ಗುಳಿಗೆಯನ್ನು ತಲೆ ತಿರುಗಿದ ದಿನ ಮಾತ್ರ ತೆಗೆದುಕೊಳ್ಳುತ್ತಿದ್ದರು. "ಬಿಪಿ ಬಂದಾಗ ನನಗೆ ಗೊತ್ತಾಗ್ತದೆ ಅಕ್ಕೋರೇ. ಸುಮ್ಮನೆ ದಿನಾ ಯಾಕೆ ತಿನ್ನುದು?" ಎಂದು ವಾದ.

"ಹೌದಲ್ರಿ. ನಿಮ್ಮ ಹೋಟೆಲಿನಾಗ ಗಿರಾಕಿ ಬಂದು ಕುಂತ ಮ್ಯಾಲೆ ಅಕ್ಕಿ ನೆನೀ ಹಾಕ್ತೀರೇನು?"

"ಅದು ಹೇಗಾಗ್ತದೆ? ಹಿಂದಿನ ದಿನವೇ ನೆನೆ ಹಾಕಿ ಕಡೀಬೇಕಲ್ಲ."

"ಯಾರು ಬರ್ತಾರೋ ಬರಂಗಿಲ್ಲೋ ಗೊತ್ತಿಲ್ಲದ?"

ಯಜಮಾನರು ಗಲ್ಲಾಪೆಟ್ಟಿಗೆ ಮುಚ್ಚಿದರು. "ಆ ಲೆಕ್ಕಕ್ಕೆ ಇದು ಹಿಟ್ಟಿನ ಹಾಗೆ ಅಂತೀರಿ." ಅವತ್ತಿನಿಂದ ಆ ಹೋಟೆಲಿನ ಅಡುಗೆಮನೆಯಲ್ಲಿ ಬಿಪಿ ಗುಳಿಗೆಯ ಹೆಸರೇ ಹಿಟ್ಟು. "ಧಣಿ, ಹಿಟ್ಟು ಆಯ್ತಾ?" ಎಂದು ಕೆಲಸದವರು ಕೇಳುತ್ತಾರಂತೆ.

ಇನ್ನು ನನ್ನ ವಿಷಯ.

ನನ್ನ ಯಜಮಾನರು ಹೋದ ಮೇಲೆ ತಮ್ಮ ಸದಾನಂದನೂ ನಾನೂ ಒಂದೇ ಮನೆಯಲ್ಲಿದ್ದೇವೆ. ಅವನಿಗೆ ಮದುವೆಯಾಗಿಲ್ಲ. ಮಹಾಪೆಯ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ದೋಸೆ ಹೊಯ್ಯುವ ಕೆಲಸ. ಕಾವಲಿಯ ಮುಂದೆ ಅವನು ನಿಂತರೆ ನೋಡಬೇಕು. ಸೌಟು ಒಂದೇ ಸುತ್ತು, ದೋಸೆ ಚಂದ್ರನ ಹಾಗೆ. ಮೂರು ವರ್ಷದ ಹಿಂದೆ ಅವನಿಗೆ ಬೆಳಿಗ್ಗೆ ಏಳುವಾಗ ಮಣಿಗಂಟು, ಬೆರಳು ಹಿಡಿದುಕೊಳ್ಳಲು ಶುರುವಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೀಲಿನ ವಾತ, ಬೇಗ ಬಂದಿದ್ದೀರಿ, ಮದ್ದು ತೆಗೆದುಕೊಂಡರೆ ಕೈ ಉಳಿಯುತ್ತದೆ ಎಂದರು ಡಾಕ್ಟರು. ಸದಾನಂದ ಬೆಂಚಿನ ಮೇಲೆ ಕುಳಿತ. ಮದ್ದಿನ ಕಿಟಕಿಯ ಸಾಲಿನಲ್ಲಿ ನಾನು ನಿಂತೆ.

ಒಳಗಿನವರು ಒಂದು ಹಳದಿ ಗುಳಿಗೆಯ ಹಾಳೆ ಮುಂದೆ ತಳ್ಳಿ ಅವಸರದಲ್ಲಿ ಹೇಳಿದರು: "ಹೀ ಆಠವಡ್ಯಾತ್ ಏಕ್. ಸಮಜಲಂ?"

"ಹೋ ಹೋ", ಹೌದು ಹೌದು ಎಂದೆ.

ಮರಾಠಿಯಲ್ಲಿ ಆಠವಡಾ ಎಂದರೆ ವಾರ. ವಾರಕ್ಕೆ ಒಂದು ಎಂದು ಅವರು ಹೇಳಿದ್ದು. ನಾನು ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಮೀನು, ತರಕಾರಿ ಎಲ್ಲ ಮರಾಠಿಯಲ್ಲೇ ಕೊಳ್ಳುತ್ತೇನೆ. ಆದರೆ ವಾರ ಎನ್ನಲು ನಮ್ಮ ಬಾಯಿಗೆ ಬರುವುದು ಹಿಂದಿಯ ಹಫ್ತಾ. ಆಠ್ ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಆಠ್ ಎಂದರೆ ಎಂಟು. ಎಂಟು ಗಂಟೆಗೆ ಒಂದು ಎಂದು ತಿಳಿದೆ. ಹಿಂದೆ ಸಾಲು ದೂಡುತ್ತಿತ್ತು. ಬೆಳಿಗ್ಗೆಯ ಎಂಟೋ ಸಂಜೆಯ ಎಂಟೋ ಎಂದು ಕೇಳಬೇಕೆನಿಸಿತು. ಓದಿಲ್ಲದವಳು ಎಂದು ಗೊತ್ತಾಗುತ್ತದಲ್ಲ ಎಂದು ಕೇಳಲಿಲ್ಲ. ಅಷ್ಟು ಕೇಳಿದ್ದರೆ ಸಾಕಿತ್ತು.

ತಮ್ಮನ ವಿಷಯದಲ್ಲಿ ನಾನು ಬಹಳ ಶಿಸ್ತು. ದಿನಾ ಸಂಜೆ ಎಂಟು ಹೊಡೆಯುವಾಗ ಗುಳಿಗೆ, ನೀರು ಅವನ ಕೈಯಲ್ಲಿ. ಒಂದು ದಿನವೂ ತಪ್ಪಿಸಲಿಲ್ಲ. ಎರಡನೇ ವಾರಕ್ಕೆ ಬಾಯೆಲ್ಲ ಹುಣ್ಣು, ಗಂಜಿಯೂ ಇಳಿಯದು, ಮೈ ಕೆಂಡ, ಜ್ವರದ ಮಂಪರು. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಅದರಲ್ಲಿ ಇರಬೇಕಾದದ್ದೆಲ್ಲ ಇಳಿದುಹೋಗಿದೆ. ಕಿರಿ ಡಾಕ್ಟರಮ್ಮ ಓಡಿ ಬಂದು ನನ್ನನ್ನು ಕೇಳಿದಳು: "ವೋ ಪೀಲೀ ಗೋಲೀ ಹಫ್ತೇ ಮೇ ಏಕ್ ಹೀ ದೀ ನಾ? ರೋಜ್ ತೋ ನಹೀ ದೀ?" ವಾರಕ್ಕೆ ಒಂದೇ ಕೊಟ್ಟದ್ದು ತಾನೆ, ದಿನಾ ಕೊಡಲಿಲ್ಲವಲ್ಲ ಎಂದು.

ಹಫ್ತಾ ಎಂಬ ಮಾತು ಕಿವಿಗೆ ಬಿದ್ದ ಕ್ಷಣ ನನಗೆ ಎಲ್ಲ ತಿಳಿಯಿತು. ಎಲ್ಲ ತಿಳಿದೇ ನಾನು ಹೇಳಿದೆ: "ಹಾಂ. ಹಫ್ತೇ ಮೇ ಏಕ್."

ಕಿಟಕಿಯ ಹತ್ತಿರ ಆದದ್ದು ತಪ್ಪು. ಇದು ತಪ್ಪಲ್ಲ, ಸುಳ್ಳು. ಖಾಲಿ ಹಾಳೆಗಳನ್ನು ಸ್ಟೇಷನ್ ಹತ್ತಿರದ ಕಸದ ಡಬ್ಬಿಗೆ ಹಾಕಿ ಬಂದೆ. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಸದಾನಂದ ಉಳಿದುಕೊಂಡ. ಸರಿಯಾಗಿ ಕೊಟ್ಟರೂ ಹೀಗಾಗಿದೆ ಎಂದ ಮೇಲೆ ಈ ಮದ್ದು ಇವನ ಮೈಗೆ ಒಗ್ಗುವುದಿಲ್ಲ ಎಂದು ಅವರು ಫೈಲಿನಲ್ಲಿ ಬರೆದರು. ಸದಾನಂದ ಅದನ್ನು ಇನ್ನೂ ದೊಡ್ಡದು ಮಾಡಿಕೊಂಡ. "ಡಾಕ್ಟರು ನನಗೆ ವಿಷ ಕೊಟ್ಟರು ಅಕ್ಕ. ನೀನು ಇಲ್ಲದಿದ್ರೆ ಸತ್ತೇ ಹೋಗ್ತಿದ್ದೆ" ಎಂದ. ಮನೆಯಲ್ಲಿ ನಾವು ತುಳುವಿನಲ್ಲಿ ಮಾತಾಡುವುದು. ತುಳುವಿನಲ್ಲಿ ಆ ಮಾತು ಇನ್ನೂ ಹೆಚ್ಚು ಚುಚ್ಚುತ್ತದೆ. ಆಮೇಲೆ ಅವನು ಯಾವ ಡಾಕ್ಟರ ಮೆಟ್ಟಿಲೂ ಹತ್ತಲಿಲ್ಲ. ಎಣ್ಣೆ ತಿಕ್ಕಿದ, ಬೇರು ಕಟ್ಟಿದ. ವರ್ಷ ಕಳೆಯುವುದರೊಳಗೆ ಸೌಟು ಹಿಡಿಯಲಾಗದೆ ಕ್ಯಾಂಟೀನಿನವರು ಅವನನ್ನು ಕೂಪನ್ ಹರಿಯುವ ಜಾಗಕ್ಕೆ ಕೂರಿಸಿದರು.

ನಾನು ಅಕ್ಕೋರ ತರಗತಿಗೆ ಸೇರಿದ್ದು ಸೇವೆ ಮಾಡಲಿಕ್ಕಲ್ಲ. ಹೆದರಿಕೆಯಿಂದ. ಇನ್ನೊಂದು ಸಲ ಹಾಗಾಗಬಾರದು ಎಂದು. ಆದರೆ ಒಮ್ಮೆ ಕೂತ ಮೇಲೆ ಕೆಲಸ ನನಗೆ ಹಿಡಿಸಿತು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತೆ. ನಮ್ಮ ಬಿಲ್ಡಿಂಗಿನಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಜನ, ಯಾರ ಸೂಜಿಮದ್ದು ಫ್ರಿಜ್ಜಿನ ಎಲ್ಲಿಡುತ್ತಾರೆ ಎಲ್ಲ ನನಗೆ ಬಾಯಿಪಾಠ. ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವ ಹುಡುಗಿಯರು ಕೂಡ "ಆಂಟಿ, ಮಮ್ಮೀ ಕೋ ಡಾಕ್ಟರ್ ನೇ ಕ್ಯಾ ಬೋಲಾ, ಜರಾ ಪೂಛೋ ನಾ", ಅಮ್ಮನಿಗೆ ಡಾಕ್ಟರು ಏನು ಹೇಳಿದರು ಸ್ವಲ್ಪ ಕೇಳಿ ಎಂದು ಬಂದು ಕರೆಯುತ್ತಾರೆ. ಈ ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ತರಗತಿಯಲ್ಲಿ ಒಂದು ದಿನ, ಕೇಳಿದ್ದು ತಪ್ಪಿ ಆದ ಅನಾಹುತ ಯಾರಿಗಾದರೂ ಗೊತ್ತಿದ್ದರೆ ಹೇಳಿ ಎಂದರು ಅಕ್ಕೋರು. ನನ್ನ ಬಾಯಿ ಸುಮ್ಮನಿರಲಿಲ್ಲ. ಅಂಬರನಾಥದಲ್ಲಿ ಒಬ್ಬ ಹೆಂಗಸು ಉಂಟು, ನಮ್ಮ ಕಡೆಯವಳೇ, ಆಠವಡಾ ಎಂದದ್ದನ್ನು ಆಠ್ ಎಂದು ಕೇಳಿ ಗಂಡನಿಗೆ ದಿನಾ ಎಂಟು ಗಂಟೆಗೆ ಕೊಟ್ಟಳಂತೆ ಎಂದೆ. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಅಕ್ಕೋರಿಗೆ ಕತೆ ಬಹಳ ಹಿಡಿಸಿತು. ಅಲ್ಲಿಂದ ಮುಂದೆ ಕಲ್ಯಾಣದ ತಂಡಕ್ಕೂ ಅದೇ ಕತೆ, ಠಾಣೆಯ ತಂಡಕ್ಕೂ ಅದೇ. ಅಂಬರನಾಥದಾಕಿ ಎಂದರೆ ಎಲ್ಲರಿಗೂ ಗೊತ್ತು. ಯಾರಾದರೂ ಕೇಳದೆ ಹೋ ಹೋ ಎಂದರೆ, "ಏ, ಅಂಬರನಾಥ ಗಾಡಿ ಹತ್ತಿದ್ಯಾ?" ಎಂದು ತಮಾಷೆ.

ಒಂದು ಶನಿವಾರ ತರಗತಿ ಮುಗಿಸಿ ಅಕ್ಕೋರು ನಮ್ಮ ಮನೆಗೆ ಚಹಕ್ಕೆ ಬಂದರು. ಸದಾನಂದ ಮನೆಯಲ್ಲಿದ್ದ. ಕಪ್ಪನ್ನು ಎರಡೂ ಅಂಗೈಗಳ ನಡುವೆ ಹಿಡಿದು ಅವರ ಮುಂದಿಟ್ಟ. ಅವರು ಅವನ ಬೆರಳು ನೋಡಿದರು. ಯಾವಾಗಿನಿಂದ ಎಂದು ಕೇಳಿದರು. ಅವನು ತನ್ನ ಕತೆ ಪೂರ್ತಿ ಹೇಳಿದ. ಹಳದಿ ಗುಳಿಗೆ, ಬಾಯಿಹುಣ್ಣು, ರಕ್ತ ಇಳಿದದ್ದು, ಡಾಕ್ಟರು ವಿಷ ಕೊಟ್ಟದ್ದು. ನಾನು ಒಲೆಯ ಹತ್ತಿರ ಬೆನ್ನು ಹಾಕಿ ನಿಂತು, ಕುದಿದ ಚಹವನ್ನು ಇನ್ನೂ ಕುದಿಸುತ್ತಿದ್ದೆ. ಅಕ್ಕೋರು "ಹೌದೇನಪಾ" ಎಂದರು, ಅಷ್ಟೇ.

ಸ್ಟೇಷನ್ ತನಕ ಬಿಡಲು ಹೋದೆ. ಸೇತುವೆಯ ಮೆಟ್ಟಿಲಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು. ಆಗಲೇ ಅವರ ಎದೆಯ ತೊಂದರೆ ಶುರುವಾಗಿತ್ತು.

"ನಿನ್ನ ಅಂಬರನಾಥದಾಕಿನ್ನ ನಾ ಒಮ್ಮೆ ಕಾಣಬೇಕಲ್ಲ."

"ಅವಳು ಊರಿಗೆ ಹೋಗಿದ್ದಾಳೆ ಅಕ್ಕೋರೇ."

"ಹಂಗೇನು? ಆಕಿ ತಮ್ಮನ ಕೈ ದಿನದಿಂದ ದಿನಕ್ಕ ಸೊಟ್ಟ ಆಗಾಕತ್ತಾವ ಅಂತ ಆಕಿಗೆ ಹೇಳು."

ನಾನು ಎಲ್ಲಿಯೂ ತಮ್ಮ ಎಂದಿರಲಿಲ್ಲ. ಕತೆಯಲ್ಲಿ ಗಂಡ ಎಂದೇ ಹೇಳಿದ್ದೆ.

ಅವರು ಬೈಯಲಿಲ್ಲ. "ತಪ್ಪು ಕಿಟಕಿಯ ಎರಡೂ ಕಡೆ ಇರ್ತದವಾ. ಒಳಗ ಕುಂತಾಕಿ ನಾನೂ ಹಂಗೇ ಓಡೋಡಿ ಹೇಳ್ತಿದ್ದೆ. ಅದರ ಪಾಲು ನನಗ ಇರಲಿ. ಆದ್ರ ಆತಗ ಮದ್ದು ಕೆಟ್ಟದ್ದಲ್ಲ ಅಂತ ಗೊತ್ತಾಗಬೇಕು. ಅದನ್ನ ನಾ ಹೇಳಾಕ ಬರೂದಿಲ್ಲ. ಆಕೀನೇ ಹೇಳಬೇಕು." ಗಾಡಿ ಬಂತು. ಹತ್ತಿ ಹೋದರು.

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಅಲ್ಲಿಂದ ಮುಂದೆ ಅಂಬರನಾಥದ ಕತೆಯನ್ನು ತರಗತಿಯಲ್ಲಿ ಹೇಳುವುದನ್ನು ನಿಲ್ಲಿಸಿಬಿಟ್ಟರು. ಯಾರಾದರೂ ಕೇಳಿದರೆ, "ಆ ಕತೀಗೆ ಇನ್ನೂ ಕಡೀ ಭಾಗ ಬಂದಿಲ್ಲ" ಎನ್ನುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ಹಾಗೆ ನೋಡದೆ ಇರುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ಈಗ ಅನಿಸುತ್ತದೆ. ಗಾಡಿಯಲ್ಲಿ ಗುರುತಿಲ್ಲದ ಅಜ್ಜಿಯ ಅರ್ಧ ಗುಳಿಗೆಯನ್ನೂ ಬಿಡದವರು ನನ್ನ ವಿಷಯದಲ್ಲಿ ಬಾಯಿ ಕಟ್ಟಿಕೊಂಡು ಕೂತರು. ಅವರೇ ಸದಾನಂದನಿಗೆ ಹೇಳಿದ್ದರೆ ಅವನು ಮದ್ದನ್ನು ನಂಬುತ್ತಿದ್ದನೋ ಏನೋ, ನನ್ನನ್ನಂತೂ ನಂಬುತ್ತಿರಲಿಲ್ಲ. ಅದನ್ನು ಅವರು ಯೋಚಿಸಿದ್ದರು ಎಂದು ನನಗೆ ಖಾತ್ರಿ.

ನಾನು ಹೇಳಲಿಲ್ಲ. ಗಣಪತಿ ಮುಗಿಯಲಿ ಎಂದುಕೊಂಡೆ, ದೀಪಾವಳಿ ಮುಗಿಯಲಿ ಎಂದುಕೊಂಡೆ. ಅಷ್ಟರಲ್ಲಿ ಅವನ ಬಲಗೈಯ ಎರಡು ಬೆರಳು ಪೂರ್ತಿ ವಾಲಿದವು. ಪರರ ಮನೆಯಲ್ಲಿ ಕುಳಿತು ನಾಚಬೇಡಿ, ಡಾಕ್ಟರಿಗೆ ನಿಜ ಹೇಳಿ ಎಂದು ಉಪದೇಶ ಮಾಡಿ ಬರುತ್ತಿದ್ದೆ. ಮನೆಗೆ ಬಂದು ಅವನ ಅಂಗಿಯ ಗುಂಡಿ ಹಾಕಿಕೊಡುತ್ತಿದ್ದೆ.

ಅಕ್ಕೋರು ಹೋದ ಸುದ್ದಿ ಬಂದದ್ದು ಒಂದು ಗುರುವಾರ. ವರ್ತಕ ನಗರಕ್ಕೆ ಹೋಗಿ ಬಂದೆ. ಶನಿವಾರ ತರಗತಿ ನಿಲ್ಲಿಸುವುದು ಬೇಡವೆಂದು ಎಲ್ಲರೂ ಸೇರಿ ನನ್ನನ್ನೇ ಅವರ ಕುರ್ಚಿಯಲ್ಲಿ ಕೂರಿಸಿದರು. ಹೊಸದಾಗಿ ಬಂದ ಒಬ್ಬಳು, "ಅಕ್ಕ, ಆ ಅಂಬರನಾಥದ ಕತೆ ಹೇಳಿ, ಬಹಳ ನಗು ಬರ್ತದಂತೆ" ಎಂದಳು. ಮುಂದಿನ ವಾರ ಹೇಳುತ್ತೇನೆ ಎಂದೆ.

ಮಾರನೇ ದಿನ ಭಾನುವಾರ, ಬೆಳಿಗ್ಗೆ. ಸದಾನಂದ ತಿಂಡಿ ತಿಂದು ಪೇಪರು ಹಿಡಿದು ಕುಳಿತಿದ್ದ. ನಾನು ಎದುರು ಕುಳಿತು ಕಿಟಕಿಯಿಂದ ಹಿಡಿದು ಕಸದ ಡಬ್ಬಿಯ ತನಕ ಹೇಳಿದೆ. ಒಂದು ಮಾತೂ ಬಿಡಲಿಲ್ಲ. ಹೇಗೆ ಹೇಳಬೇಕೆಂದು ಇಷ್ಟು ದಿನ ಯೋಚಿಸಿದ್ದೆಲ್ಲ ಬೇಕಾಗಲಿಲ್ಲ. ಹೇಳಲು ಹತ್ತು ನಿಮಿಷ ಸಾಕಾಯಿತು.

"ವಾರಕ್ಕೆ ಒಂದೇ ಕೊಡಬೇಕಿತ್ತಾ?" ಎಂದ.

"ವಾರಕ್ಕೆ ಒಂದೇ."

"ಹಾಗಾದ್ರೆ ಮದ್ದು ಸರಿ ಇತ್ತು."

"ಸರಿ ಇತ್ತು."

ಅವನು ಪೇಪರು ಮಡಿಸಲು ನೋಡಿದ. ಬೆರಳು ಕೇಳಲಿಲ್ಲ. ಹಾಗೇ ಕೆಳಗೆ ಬಿಟ್ಟ. "ಮೂರು ವರ್ಷ ಅಕ್ಕ. ಕ್ಯಾಂಟೀನಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದ್ದೇನೆ, ಆ ಡಾಕ್ಟರು ಕೊಲೆಗಾರ ಅಂತ. ಎಷ್ಟು ಜನ ನನ್ನ ಮಾತು ಕೇಳಿ ಮದ್ದು ಬಿಟ್ಟಿದ್ದಾರೋ." ತನ್ನ ಬೆರಳು ನೋಡಿಕೊಂಡು, "ತಪ್ಪಿ ಕೊಟ್ಟದ್ದಕ್ಕೆ ನನಗೆ ಏನೂ ಇಲ್ಲ. ನಾನಾದರೂ ಹಾಗೇ ಕೇಳ್ತಿದ್ದೆ. ಆ ಡಾಕ್ಟರಮ್ಮ ಕೇಳುವಾಗ ನಾನು ಪಕ್ಕದ ಮಂಚದಲ್ಲಿ ಎಚ್ಚರ ಇಲ್ಲದೆ ಮಲಗಿದ್ದೆ ಅಲ್ವಾ? ಆಗ ಹೇಗೆ ಬಾಯಿ ಬಂತು ನಿನಗೆ?" ಎಂದ.

ಅವನು ಚಪ್ಪಲಿ ಮೆಟ್ಟಿ ಹೊರಟ. ಸಂಜೆ ಬಂದ. ಐದು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾನು ಬಡಿಸಿದ್ದನ್ನು ಮಾತ್ರ ಉಂಡ. ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಬರಲಿಲ್ಲ. ಟೀ ಶರ್ಟು ಹಾಕಿಕೊಂಡು ಕೆಲಸಕ್ಕೆ ಹೋದ.

ಆರನೇ ದಿನ ಹಳೇ ಫೈಲು ಹುಡುಕಿ ತೆಗೆದು ಬಾಗಿಲಲ್ಲಿ ನಿಂತು, "ಹೊರಡು" ಎಂದ. ಕಲ್ಯಾಣದಲ್ಲಿ ಕೀಲುವಾತದ ಬೇರೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಫೈಲು ತಿರುಗಿಸಿ, ಈ ಮದ್ದು ಒಗ್ಗುವುದಿಲ್ಲ ಎಂದು ಬರೆದಿದ್ದಾರಲ್ಲ ಎಂದರು. ನಾನು ಎದ್ದು ನಿಂತು ಹೇಳಿದೆ: "ಹಫ್ತೇ ಮೇ ಏಕ್ ನಹೀ ದಿಯಾ ಥಾ, ಡಾಕ್ಟರ್ ಸಾಬ್. ರೋಜ್ ದಿಯಾ. ಮೈನೇ ದಿಯಾ. ಔರ್ ತಬ್ ಝೂಟ್ ಬೋಲಾ." ದಿನಾ ಕೊಟ್ಟವಳೂ ಆಗ ಸುಳ್ಳು ಹೇಳಿದವಳೂ ನಾನೇ ಎಂದು. ಅವರು ಪೆನ್ನು ಕೆಳಗಿಟ್ಟು ನನ್ನನ್ನೊಮ್ಮೆ ನೋಡಿ, ಫೈಲಿನ ಆ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದರು. ಪಕ್ಕದಲ್ಲಿ ಏನೋ ಬರೆದು ಸಹಿ ಹಾಕಿದರು. ಸದಾನಂದನ ಒಂದೊಂದೇ ಬೆರಳು ಒತ್ತಿ ನೋಡಿದರು. ವಾಲಿದ ಎರಡು ನೆಟ್ಟಗಾಗುವುದಿಲ್ಲ, ಉಳಿದ ಎಂಟನ್ನು ಉಳಿಸೋಣ, ಮೊದಲು ರಕ್ತ ಪರೀಕ್ಷೆ ಎಂದರು.

ರಿಪೋರ್ಟು ಬಂದ ಮೇಲೆ ಎರಡನೇ ಸಲ ಹೋದೆವು. ಮದ್ದು ಶುರು ಮಾಡೋಣ ಎಂದು ಹೇಳಿ ಡಾಕ್ಟರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಮದ್ದು ಕೊಡುವುದು ಮನೆಯ ಹೆಂಗಸು ಎಂದು ಎಲ್ಲರೂ ತಿಳಿಯುವ ಹಾಗೆ ಅವರೂ ತಿಳಿದಿದ್ದರು. ಸದಾನಂದ ಮೇಜಿನ ಮೇಲೆ ಕೈಯಿಟ್ಟ.

"ಇಸ್ಕೋ ನಹೀ, ಡಾಕ್ಟರ್ ಸಾಬ್. ಮೇರೇಕೋ ಬೋಲೋ." ಇವಳಿಗಲ್ಲ, ನನಗೆ ಹೇಳಿ ಎಂದ.

ಡಾಕ್ಟರು ಅವನಿಗೆ ಹೇಳಿದರು. ವಾರದ ಯಾವ ದಿನ, ಎಷ್ಟು, ಯಾವ ಲಕ್ಷಣ ಕಂಡರೆ ಕೂಡಲೇ ಓಡಿ ಬರಬೇಕು, ರಕ್ತ ಯಾವಾಗ ನೋಡಿಸಬೇಕು. ಹೇಳಿ ಮುಗಿದ ಮೇಲೆ ಸದಾನಂದ ತನ್ನ ಕ್ಯಾಂಟೀನಿನ ಹಿಂದಿಯಲ್ಲಿ, ಸೊಟ್ಟ ಬೆರಳು ಒಂದೊಂದೇ ಮಡಿಸುತ್ತಾ, ಎಲ್ಲವನ್ನೂ ತಿರುಗಿ ಹೇಳಿದ. ನಾನು ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕುಳಿತು ಒಂದೊಂದು ಮಾತನ್ನೂ ಕೇಳಿದೆ. ಎಲ್ಲಿಯೂ ತಪ್ಪಿರಲಿಲ್ಲ. ಸರಿ ಇದೆ ಎಂದು ನಾನು ಹೇಳಲಿಲ್ಲ. ಅವನು ನನ್ನನ್ನು ಕೇಳಿರಲಿಲ್ಲ.